ಇಪ್ಪತ್ತೊಂದು ಮನೆಯ ಮಂದೆ

ಇಬ್ಬನಿ ಆರದ ಕುದುರೆ ಮಸಾಲೆ ಮೇವಿನ ಸೊಪ್ಪಿಗೆ ಬುದ್ಧಿಯಿರುವವನು ಹಸು ಬಿಡುವುದಿಲ್ಲ. ದೆರ್ಬಿಶ್ ಬಿಟ್ಟ. ತನ್ನ ಸರದಿಯ ದಿನ ಕುದುರೆಯ ಮೇಲೆ ಕೂತೇ ತೂಕಡಿಸಿದ, ಮಂದೆ ಸೊಪ್ಪಿನ ಹೊಲಕ್ಕೆ ನುಗ್ಗಿತು. ಉಳಿದವರ ಹಸುಗಳು ಹೇಗೋ ಬದುಕಿಕೊಂಡವು. ಪಕ್ಕದ ಮನೆಯ ಕಾಸಿಮಾಲಿಯ ಹಸು ಮಾತ್ರ ಹೊಟ್ಟೆ ನಗಾರಿಯಂತೆ ಉಬ್ಬಿ, ನಾಲಿಗೆ ಚಾಚಿ, ಕಾಲುವೆಯ ದಂಡೆಯಲ್ಲಿ ಸತ್ತಿತು. ಈಗ ಕೇಳಿದರೂ ಕಾಸಿಮಾಲಿ ಉಣ್ಣೆ ಟೋಪಿಯನ್ನು ನೆಲಕ್ಕೆ ಬಡಿಯುತ್ತಾನೆ. “ಪಕ್ಕೆಗೆ ಚೂರಿ ಹಾಕಿ ಗಾಳಿ ಬಿಟ್ಟಿದ್ರೂ ಉಳೀತಿತ್ತಲ್ರೋ! ಅದೂ ಕೈಲಾಗದೋನಿಗೆ ಮಂದೆ ಯಾಕೆ?”

ಅಂದು ನಡುಬೀದಿಯಲ್ಲಿ, ಎಲ್ಲರ ಎದುರಿಗೆ, ಅವನು ದೆರ್ಬಿಶನ ಕೊರಳಪಟ್ಟಿ ಹಿಡಿದಿದ್ದ. “ಇನ್ಮೇಲೆ ನನ್ನ ಹಸು ಸುದ್ದಿ ನಿನ್ನ ಬಾಯಲ್ಲಿ ಬರಕೂಡದು. ಬಂತೋ, ನಾಲಿಗೆ ಕಿತ್ತು ನಾಯಿಗೆ ಹಾಕ್ತೀನಿ!”

“ಆಗ್ಲಿ ಬಿಡು,” ಎಂದು ದೆರ್ಬಿಶ್ ಅಂಗಿ ಸರಿಮಾಡಿಕೊಂಡು ಹೋದ. ಅಂದಿನಿಂದ ಎರಡು ಮನೆಯ ಗಂಡಸರಿಗೆ ಮಾತಿಲ್ಲ.

ಮಾತಿಲ್ಲದಿದ್ದರೂ ಮಂದೆ ಒಂದೇ. ಮೇಲಿನ ಬೀದಿಯ ಇಪ್ಪತ್ತೊಂದು ಮನೆಯ ಹಸುಗಳೂ ಒಟ್ಟಿಗೆ ಗುಡ್ಡಕ್ಕೆ ಹೋಗಬೇಕು, ದಿನಕ್ಕೊಂದು ಮನೆಯವರು ಕಾಯಬೇಕು. ದೆರ್ಬಿಶನ ಸರದಿಯ ದಿನ ಕಾಸಿಮಾಲಿ ಹಟ್ಟಿಯ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ಹೆಂಡತಿ ಬಾತ್ಮಾಳೇ ಹಸುವನ್ನು ಹೊಡೆದುಕೊಂಡು ಹೋಗಿ ಮಂದೆಗೆ ಸೇರಿಸಿ ಬರುತ್ತಿದ್ದಳು.

ಆ ಹಸು ಕಶ್ಕಾ. ಸತ್ತದ್ದರ ಮಗಳು, ಹಣೆಯಲ್ಲಿ ಬಿಳಿ ಪಟ್ಟೆ. ಬಾತ್ಮಾ ಮದುವೆಯಾಗಿ ಬಂದಾಗ ತವರಿನಿಂದ ಹಿಂದೆ ನಡೆದುಬಂದ ಹಸುವಿನ ಸಂತಾನದಲ್ಲಿ ಉಳಿದದ್ದು ಅದೊಂದೇ. ಅದಕ್ಕೆ ಗಬ್ಬ ನಿಲ್ಲಲಿಲ್ಲ ಎನ್ನುವುದಕ್ಕಿಂತ, ಅದು ಬೆದೆಗೇ ಬರಲಿಲ್ಲ. ವಸಂತ ಹೋಯಿತು, ಬೇಸಿಗೆಯೂ ಜಾರುತ್ತಿತ್ತು. ಕಾಸಿಮಾಲಿ ತೌಡು ಹೆಚ್ಚಿಸಿದ, ಹಿಂಡಿ ಹಾಕಿದ, ಉಪ್ಪಿನ ಗಡ್ಡೆ ನೆಕ್ಕಿಸಿದ. ಬಾತ್ಮಾ ದೃಷ್ಟಿ ತೆಗೆದು ಹೊಗೆ ಹಾಕಿದಳು. ಏನೂ ಆಗಲಿಲ್ಲ. ಬರಡು ಹಸುವಿಗೆ ಚಳಿಗಾಲದ ಹುಲ್ಲು ಹಾಕುವ ಮನೆ ಆ ಬೀದಿಯಲ್ಲಿ ಯಾವುದೂ ಇಲ್ಲ. ಹಿಮ ಬೀಳುತ್ತಿದ್ದಂತೆ ಅದು ಮಾಂಸವಾಗಿ ಜಂತೆಗೆ ತೂಗಬೇಕಾದದ್ದೇ.

“ನನ್ನ ತವರಿನ ಕೊನೇ ಕೊಂಡಿ ಅದು,” ಎಂದಳು ಬಾತ್ಮಾ. “ಕಡಿಯೋದಾದ್ರೆ ಬಾಣಲೆ ಮುಂದೆ ನನ್ನ ಕೂರಿಸ್ಬೇಡ ಮುದುಕಾ. ನೀನೇ ಬೇಯಿಸ್ಕೊಂಡು ತಿನ್ನು.”

ಕೃತಕ ಗರ್ಭಧಾರಣೆ ಮಾಡುವ ಜಿಪಾರ್ ಬಂದಳು. ಗಟ್ಟಿ ಹೆಣ್ಣು, ಯಾರ ಕೂಗಾಟಕ್ಕೂ ಬಗ್ಗದವಳು. ಮೊಳಕೈ ದಾಟುವ ಗವಸು ತೊಟ್ಟು ಕಶ್ಕಾಳನ್ನು ಒಳಗಿಂದ ಪರೀಕ್ಷೆ ಮಾಡಿದಳು.

“ಮೇವು ಸರಿಯಿದೆ, ಮೈ ಸರಿಯಿದೆ, ಗರ್ಭಕೋಶಾನೂ ಚೆನ್ನಾಗಿದೆ ಅಣ್ಣಾ. ಇದು ಬೆದೆಗೆ ಬರ್ತಾನೇ ಇದೆ.”

“ಬರ್ತಾ ಇದ್ರೆ ನಾನೇನು ಕುರುಡನಾ?”

“ನೀವೆಲ್ಲಿ ನೋಡ್ತೀರಿ? ಹಗಲೆಲ್ಲ ಗುಡ್ಡದಲ್ಲಿರುತ್ತೆ. ಕೆಲವಕ್ಕೆ ಬೆಳಗಿನ ಜಾವ ಶುರುವಾದ್ರೆ ಹಟ್ಟಿ ಸೇರೋ ಹೊತ್ತಿಗೆ ತಣ್ಣಗಾಗಿರುತ್ತೆ. ಬಾಲದಲ್ಲಿ ರಕ್ತ ಏನಾದ್ರೂ ಕಂಡಿದ್ರಾ?”

“ಕಂಡಿತ್ತು. ನಾನು ಮಂದೆ ಕಾಯೋ ದಿನ. ಮುಳ್ಳು ಗೀರಿರ್ಬೇಕು ಅಂದ್ಕೊಂಡೆ.”

“ಒಂದೇ ಸಲನಾ?”

ಬಾತ್ಮಾ ಬಾಯಿ ಹಾಕಿದಳು. “ಇವನ ಸರದಿ ಬಂದಾಗೆಲ್ಲ. ಆ ಬಾಲ ತೊಳೆಯೋಳು ನಾನಲ್ವಾ!”

ಜಿಪಾರ್ ಗವಸು ಕಳಚಿ ನಕ್ಕಳು. “ಅದು ಬೆದೆ ಮುಗಿದ ಮೇಲೆ ಕಾಣೋ ರಕ್ತ. ನಿಮ್ಮ ಬೀದೀಲಿ ಇಪ್ಪತ್ತೊಂದು ಮನೆ. ಹಸು ಬೆದೆಗೆ ಬರೋದೂ ಇಪ್ಪತ್ತೊಂದು ದಿನಕ್ಕೆ. ಪ್ರತಿ ಸಲಾನೂ ಒಬ್ಬನೇ ಅದನ್ನ ನೋಡ್ತಿದಾನೆ ಅಣ್ಣಾ. ನಿಮ್ಮ ಹಿಂದಿನ ದಿನ ಯಾರ ಸರದಿ?”

ಗೋಡೆಯ ಆಚೆ ದೆರ್ಬಿಶ್ ಕೆಮ್ಮುತ್ತಿದ್ದದ್ದು ಕೇಳಿಸಿತು.

ಆಮೇಲಿನ ದಿನಗಳಲ್ಲಿ ಕಾಸಿಮಾಲಿ ಕೂತಲ್ಲಿ ಕೂರಲಿಲ್ಲ. ಆಲೂಗಡ್ಡೆ ಅಗೆಯಲು ಹೋಗಿ ಅರ್ಧ ಸಾಲಿಗೇ ಗುದ್ದಲಿ ಬಿಸಾಡಿ ಬರುವನು. ಚಹಾ ಸುರಿದುಕೊಂಡು ಕುಡಿಯದೆ ಆರಲು ಬಿಡುವನು. ಹೋಗಿ ಒಂದು ಮಾತು ಕೇಳು ಎಂದು ಬಾತ್ಮಾ ಅಂದರೆ, “ಅವನ ಹೊಸ್ತಿಲು ತುಳಿಯೋದಕ್ಕಿಂತ ಹಸು ಕಡಿಯೋದೇ ಮೇಲು,” ಎಂದು ಗುಡುಗಿ, ರಾತ್ರಿ ಮಗ್ಗುಲು ಬದಲಿಸುತ್ತಾ ಮನೆಗಳನ್ನು ಎಣಿಸುವನು. ಇನ್ನು ಆರು ಮನೆ. ಇನ್ನು ಮೂರು.

ದೆರ್ಬಿಶನ ದಿನ ಬಂತು. ಮಂದೆ ಗುಡ್ಡ ಹತ್ತಿದ ಮೇಲೆ ಕಾಸಿಮಾಲಿ ಕುದುರೆಗೆ ಜೀನು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಕೊನೆಗೆ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿಸಿದ.

ದೂರದಿಂದಲೇ ಕಂಡಿತು. ಬೇರೆ ಹಸುಗಳು ಮೇಲೆ ಹಾರುತ್ತಿದ್ದರೂ ಕಶ್ಕಾ ಕದಲದೆ ನಿಂತಿತ್ತು, ಬೆದೆಗೆ ಬಂದ ಹಸು ನಿಲ್ಲುವಂತೆ. ದೆರ್ಬಿಶ್ ಬಂಡೆಗೆ ಒರಗಿ ಒಣ ರೊಟ್ಟಿ ಕಡಿಯುತ್ತಿದ್ದ.

“ಎಷ್ಟು ಸಲ ನೋಡ್ದೆ?” ಕಾಸಿಮಾಲಿ ಕುದುರೆಯಿಂದ ಇಳಿಯದೆ ಕಿರುಚಿದ.

“ಏನನ್ನ?”

“ನನ್ನ ಹಸುನ ಕಣೋ!”

“ನಿನ್ನ ಹಸು ಸುದ್ದಿ ನನ್ನ ಬಾಯಲ್ಲಿ ಬರಕೂಡದು ಅಂದೋನು ನೀನೇ. ನಂಗಿರೋದು ಒಂದೇ ನಾಲಿಗೆನಪ್ಪಾ.”

ಕಾಸಿಮಾಲಿಯ ಚಾವಟಿ ಮೇಲೆದ್ದಿತು. ಅದು ದೆರ್ಬಿಶನ ಮೇಲೂ ಬೀಳಲಿಲ್ಲ, ಕುದುರೆಯ ಮೇಲೂ ಬೀಳಲಿಲ್ಲ. ಸುಮ್ಮನೆ ಜೋತುಬಿತ್ತು.

“ಇವತ್ತೊಂದು ದಿನ ಬಾಯಿ ಬಿಡು,” ಎಂದ, ಹಲ್ಲು ಕಚ್ಚಿ.

ದೆರ್ಬಿಶ್ ರೊಟ್ಟಿಯ ಚೂರು ಒರೆಸಿಕೊಂಡ. “ಹೊತ್ತು ಹುಟ್ಟೋ ಮುಂಚಿಂದ ಹೀಗೇ ನಿಂತಿದೆ. ಈ ಬೇಸಿಗೇಲಿ ಇದು ನಾಕನೇ ಸಲ. ಹೊಡ್ಕೊಂಡು ಹೋಗು, ಆ ಹೆಣ್ಮಗಳಿಗೆ ಫೋನ್ ಮಾಡು. ಇಲ್ಲಿ ನಿಂತು ಕಿರುಚ್ತಿದ್ರೆ ಇದೂ ತಪ್ಪುತ್ತೆ.”

ಸಂಜೆ ಜಿಪಾರ್ ಬಂದು ಒಮ್ಮೆ ಬೀಜ ಹಾಕಿದಳು. “ನಾಳೆ ಬೆಳಗ್ಗೆ ಇನ್ನೊಂದು ಸಲ ಹಾಕೋಣ, ಗಟ್ಟಿಯಾಗ್ಲಿ. ಗುಡ್ಡಕ್ಕೆ ಬಿಡ್ಬೇಡಿ. ನೀವೇ ಹಿಡ್ಕೋಬೇಕು, ಬೇರೆಯವ್ರು ಮುಟ್ಟಿದ್ರೆ ಒದೆಯುತ್ತೆ.”

ನಾಳೆ ಮಂದೆ ಕಾಯುವ ಸರದಿ ಕಾಸಿಮಾಲಿಯದೇ. ಊರಿಗೆ ಊರೇ ಆಲೂಗಡ್ಡೆ ಹೊಲದಲ್ಲಿ ಬಿದ್ದಿರುವಾಗ ಬದಲಿಗೆ ಯಾರನ್ನು ಕೇಳುವುದು? ಸರದಿ ತಪ್ಪಿಸಿದವನ ಮನೆಗೆ ಆ ಬೀದಿಯಲ್ಲಿ ಬೆಂಕಿಯ ಕೆಂಡವೂ ಹುಟ್ಟುವುದಿಲ್ಲ. ಬೆಳಗ್ಗೆ ಕಾಸಿಮಾಲಿ ಒಂದು ಕೈಯಲ್ಲಿ ಹಸುವಿನ ಹಗ್ಗ, ಇನ್ನೊಂದರಲ್ಲಿ ಜೀನು ಹಿಡಿದು ಅಂಗಳದಲ್ಲಿ ಬಾಗಿಲಿಗೂ ಹಟ್ಟಿಗೂ ಓಡಾಡಿದ. ಬೀದಿಯ ತುದಿಯಲ್ಲಿ ಹಸುಗಳು ಕೂಗುತ್ತಿದ್ದವು. ಆಮೇಲೆ ಕೂಗು ದೂರವಾಯಿತು. ಹೊರಗೆ ಬಂದು ನೋಡಿದರೆ ಮಂದೆ ಆಗಲೇ ಗುಡ್ಡ ಏರುತ್ತಿತ್ತು, ಅದರ ಹಿಂದೆ ದೆರ್ಬಿಶನ ಬೂದು ಕುದುರೆ. ಅವನು ಹಿಂತಿರುಗಿ ನೋಡಲಿಲ್ಲ.

ಕಶ್ಕಾಗೆ ಗಬ್ಬ ನಿಂತಿತು. ಆ ಚಳಿಗಾಲ ಜಂತೆಗೆ ತೂಗಿದ್ದು ಕುರಿ. ಬೇಸಿಗೆಯ ಮೊದಲಲ್ಲಿ ಬಿಳಿ ಪಟ್ಟೆಯ ಹೆಣ್ಣುಗರು ಹಾಕಿತು. ಕರು ಹೊಟ್ಟೆ ತುಂಬ ಕುಡಿದ ಮೇಲೆ ಬಾತ್ಮಾ ಗಿಣ್ಣು ಕಾಯಿಸಿ, ಮೊದಲ ಬಟ್ಟಲನ್ನು ಪಕ್ಕದ ಮನೆಗೇ ಕೊಟ್ಟು ಬಂದಳು. ಗಂಡ ನೋಡಿಯೂ ನೋಡದವನಂತೆ ಇದ್ದ.

ದೆರ್ಬಿಶನ ಮುಂದಿನ ಸರದಿಗೆ ಕಾಸಿಮಾಲಿ ಜೀನು ಹೊತ್ತು ಆ ಹೊಸ್ತಿಲಿಗೇ ಹೋದ.

“ಇವತ್ತು ನೀನು ಮಲಗು. ಮಂದೆ ನಾನು ಕಾಯ್ತೀನಿ. ನಿನ್ನದೊಂದು ಹಗಲಿನ ಸಾಲ ನನ್ನ ಮೇಲಿದೆ.”

“ಏನೂ ಇಲ್ಲ. ಸತ್ತ ಹಸುವಿಗೆ ವಜಾ ಹಾಕ್ಕೋ.”

“ಒಂದು ಹಗಲಿಗೆ ಒಂದು ಹಸುನಾ? ಯಾವ ಸಂತೇಲಿದೆಯೋ ಈ ದರ, ತೂಕಡಿಕೆ ನನ್ಮಗನೇ!”

“ಹಾಗಿದ್ರೆ ಎರಡೂ ಹಾಗೇ ಇರ್ಲಿ,” ಎಂದು ದೆರ್ಬಿಶ್ ಕುದುರೆ ಏರಿದ.

ಅಂದಿನಿಂದ ದೆರ್ಬಿಶನ ಪ್ರತಿ ಸರದಿಗೂ ಕಾಸಿಮಾಲಿ ನಸುಕಿನಲ್ಲೇ ಜೀನು ಹೊತ್ತು ಹೋಗುತ್ತಾನೆ. ಅಷ್ಟರಲ್ಲಿ ದೆರ್ಬಿಶ್ ಮಂದೆ ಹೊಡೆದುಕೊಂಡು ಗುಡ್ಡ ಸೇರಿರುತ್ತಾನೆ. ಇವನು ಬೈದುಕೊಳ್ಳುತ್ತಾ ಜೀನು ಹೊತ್ತು ಮನೆಗೆ ಬರುತ್ತಾನೆ.