ಖಾಜಾಬೀ ಅವರ ಬಾಗಿಲಿಗೆ ಕೆಂಪು ಏಳು

ಗೆಳೆಯರೇ, ಇಂದು ಬೆಳಿಗ್ಗೆ ಬೀದರಿನ ಹಳೆ ಊರು ತೋರಿಸುವ ಪಾರಂಪರಿಕ ನಡಿಗೆಯವರು ನಮ್ಮ ಓಣಿಯ ಖಾಜಾಬೀ ಅವರ ಬಾಗಿಲಿಗೆ, ಕೇಳದೆ, ಕೆಂಪು ಬಣ್ಣದಲ್ಲಿ ಏಳು ಎಂಬ ಅಂಕಿ ಬರೆದರು. ಹಿಂದೆ ರಸ್ತೆ ಅಗಲಿಸುವಾಗ ಕೆಡವುವ ಮನೆಗಳಿಗೆ ಇಲ್ಲಿ ಹೀಗೆಯೇ ಗುರುತು ಹಾಕಿದ್ದರು. ಎಂಬತ್ತು ದಾಟಿದ ಆಕೆ ಮನೆಯ ಹಳೆಯ ಉರ್ದು ಹಕ್ಕಿನ ಕಾಗದ ಹಿಡಿದು ನನ್ನ ಬಳಿ ಬಂದರು.

"ಭಾಯಿ, ನಮ್ಮ ಬೀದರ ಮೈಸೂರು ರಾಜ್ಯಕ್ಕ ಸೇರಿದಾಗ ಹೊಸ ಸಾಹೇಬ ಈ ಕಾಗದ ಓದ್ಲಾಕ ಬರಲ್ಲ ಅಂದಿದ್ದ. ನಮ್ಮಪ್ಪ ಕಚೇರಿಗಿ ತಿರುಗಿ ತಿರುಗಿ ಸಾಕಾಗಿದ್ದ. ಈಗ ಮನಿ ಕೆಡವ್ತಾರೇನ್ರಿ?"

ಇನ್ನೂ ಓಣಿಯಲ್ಲೇ ಇದ್ದ ನಡಿಗೆಯ ಗೈಡ್ ನಕ್ಕ. "ಹೆದರಬ್ಯಾಡ್ರಿ ಅಮ್ಮ, ಇದು ನಮ್ಮ ಏಳನೇ ಜಾಗ ಅಷ್ಟ. ಫೋಟೋಕ್ಕ ನಿಂದರ್ರಿ."

ಆಕೆ ನಂಬಿಲ್ಲ. ಸಂಜೆಯಾದರೂ ಹೊಸ್ತಿಲು ಬಿಟ್ಟು ಎದ್ದಿಲ್ಲ. ಸುಲ್ತಾನರ ಹೆಸರೆಲ್ಲ ಬಾಯಿಪಾಠ ಬಲ್ಲವರಿಗೆ ಒಳಗೆ ಬದುಕಿರುವವರು ಕಾಣಲಿಲ್ಲವೇ? ಯಾರನ್ನು ಕೇಳಿ ಬರೆದಿರಿ? ನಡಿಗೆ ಏರ್ಪಡಿಸಿದವರು ನಾಳೆ ಇದೇ ಓಣಿಯಲ್ಲಿ, ಎಲ್ಲರೆದುರು ಉತ್ತರ ಕೊಡಲಿ.