ಅಕ್ಕ ಹೊರಟ ಮಂಗಳವಾರ

ಚಳಿ ಬಿತ್ತೆಂದರೆ ಅಕ್ಕ ಬರುತ್ತಾಳೆ. ನನ್ನ ಮಟ್ಟಿಗೆ ಚಳಿಗಾಲಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಅವಳದು ಹಡಗಲಿಯ ಅಂಚಿನಲ್ಲಿ ಮಲ್ಲಿಗೆ ತೋಟ. ಬೇಸಿಗೆ ಕಾಲಿಟ್ಟಾಗಿನಿಂದ ಮಳೆ ಮುಗಿಯುವವರೆಗೂ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಬೇಕು. ತಡವಾದರೆ ಗಿಡದಲ್ಲೇ ಅರಳಿಬಿಡುತ್ತವೆ, ಅರಳಿದ ಹೂವನ್ನು ಪೇಟೆಯಲ್ಲಿ ಮೂಸಿ ನೋಡುವವರಿಲ್ಲ. ಚಳಿ ಶುರುವಾದ ಮೇಲೆ ಮಾತ್ರ ಗಿಡದ ರೆಂಬೆ ಸವರಿ, ನೀರು ನಿಲ್ಲಿಸಿ, ಅವುಗಳ ಪಾಡಿಗೆ ಬಿಟ್ಟುಬಿಡುತ್ತಾರೆ. ಗಿಡಗಳಿಗೆ ಬಿಡುವು ಸಿಕ್ಕರೆ ಅಕ್ಕನಿಗೂ ಸಿಕ್ಕಿತು. ಆಗ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ದಾವಣಗೆರೆಗೆ, ನನ್ನ ಮನೆಗೆ ಬರುತ್ತಿದ್ದಳು. ಅವ್ವ ಹೋದ ಮೇಲೆ ಅವಳಿಗೆ ತವರೆಂದು ಉಳಿದದ್ದು ನಾನೊಬ್ಬಳೇ, ಅವಳಿಗಿಂತ ಚಿಕ್ಕವಳಾದರೂ.

ಚೀಲದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಂದ ಮರುದಿನವೇ ಮಹಡಿಯ ಎಳೆಬಿಸಿಲಲ್ಲಿ ನನ್ನನ್ನು ಕೂರಿಸಿ ತಲೆಗೆ ಎಣ್ಣೆ ಒತ್ತುತ್ತಿದ್ದಳು. ನನಗೆ ಐವತ್ತು ದಾಟಿದ ಮೇಲೂ ಅದು ತಪ್ಪಲಿಲ್ಲ. ಕೂದಲು ಉದುರಿದ್ದಕ್ಕೆ ಬೈಗುಳ, ಇದ್ದಷ್ಟಕ್ಕೆ ಬಿಗಿಯಾದ ಜಡೆ. ಕೆಳಗೆ ಕುಕ್ಕರು ಕೂಗುತ್ತಿದ್ದರೂ ನಾನು ಏಳುತ್ತಿರಲಿಲ್ಲ. ಆ ಬಿಸಿಲನ್ನು ನೆನೆದರೆ ಈಗಲೂ ನೆತ್ತಿ ಬೆಚ್ಚಗಾಗುತ್ತದೆ.

ಆದರೆ ಸಂಕ್ರಾಂತಿ ಮುಗಿಯಿತೋ, ಅವಳ ಕಾಲು ನಿಲ್ಲುತ್ತಿರಲಿಲ್ಲ. ಊರಿಗೆ ಫೋನು ಹಚ್ಚಿ, "ನೀರು ಬಿಟ್ರೇನು? ಚಿಗುರು ಒಡದೈತೇನು?" ಎಂದು ಕೇಳುವಳು. ಮೊಮ್ಮಕ್ಕಳ ಬಗ್ಗೆ ಕೇಳುತ್ತಿದ್ದದ್ದು ಆಮೇಲೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಗಿಡಗಳು ನನಗೆ ಸವತಿಯರು ಎಂದು ಎದುರಿಗೇ ಅಂದಿದ್ದೇನೆ.

ಅವಳನ್ನು ನಿಲ್ಲಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ವಾರಗಳು ಮಾತ್ರ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸಬಾರದು. ಸೋಮವಾರ ಎತ್ತಿನ ಹೆಗಲಿಗೇ ನೊಗ ಇಡುವುದಿಲ್ಲ, ಹೆಣ್ಣುಮಗಳ ಹೆಗಲಿಗೆ ಚೀಲ ಹೇಗೆ ಹಾಕುವುದು? ಅಮಾವಾಸ್ಯೆ ಬಂದರೆ ನನಗೆ ಹಬ್ಬ. ಬೇರೆ ದಿನಗಳಲ್ಲಿ ಪಂಚಾಂಗದ ಕಡೆ ತಿರುಗಿಯೂ ನೋಡದ ನಾನು ಆ ವಾರದಲ್ಲಿ ದೊಡ್ಡ ಶಾಸ್ತ್ರಿಯಾಗುತ್ತಿದ್ದೆ. ಅಕ್ಕ ನಕ್ಕು ಒಂದು ದಿನ ಉಳಿಯುತ್ತಿದ್ದಳು. ಬುಧವಾರ ನಾನು ಏಳುವಷ್ಟರಲ್ಲಿ ಸೀರೆ ಉಟ್ಟು ಸಿದ್ಧ.

ಕಳೆದ ಮಳೆಗಾಲದಲ್ಲಿ ಆ ತೋಟ ಹೋಯಿತು. ಗಿಡಗಳಿಗೆ ಬೇರು ಕೊಳೆಯುವ ರೋಗ, ಭಾವನಿಗೆ ಸೊಂಟ ನೋವು. ಅವಳ ಮಗ ಎಲ್ಲ ಕೀಳಿಸಿ ಮೆಕ್ಕೆಜೋಳ ಹಾಕಿದ. ಸುದ್ದಿ ಕೇಳಿ ನಾನು ಫೋನಿನಲ್ಲಿ ಅಯ್ಯೋ ಅಂದೆ. ಫೋನು ಇಟ್ಟ ಮೇಲೆ ಖುಷಿಪಟ್ಟೆ. ಇನ್ನು ಅಕ್ಕ ಪೂರ್ತಿ ನನ್ನವಳು.

ಈ ಸಲ ಅವಳು ಎರಡು ಚೀಲ ತಂದಿದ್ದಳು. ಸಂಕ್ರಾಂತಿ ಬಂತು, ಹೋಯಿತು. ಊರಿನ ಮಾತೇ ಇಲ್ಲ. ನಮ್ಮಕ್ಕ ಈ ಸಲ ಹೋಗುವುದಿಲ್ಲ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ಅಕ್ಕ ಕತ್ತಲಲ್ಲೇ ಎದ್ದು, ಮಾಡಲು ಏನೂ ಇಲ್ಲದೆ, ಮಡಿಲಲ್ಲಿ ಕೈಯಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು. ಮಹಡಿಗೆ ಕರೆದರೆ ಬರುವಳು, ಎಣ್ಣೆ ಒತ್ತುವಳು, ಬೈಯುತ್ತಿರಲಿಲ್ಲ. ಕೂದಲು ಉದುರುತ್ತಿದೆ ಎಂದು ನಾನೇ ನೆನಪಿಸಿದೆ. "ವಯಸ್ಸಾತಲ್ಲ, ಉದುರ್ತಾವ" ಎಂದಳು. ಮಾರ್ಕೆಟ್ಟಿನಲ್ಲಿ ಹೂವಿನವಳ ಮುಂದೆ ನಿಂತು ಮೊಗ್ಗು ಮುಟ್ಟಿ ನೋಡಿ, ಸುಮ್ಮನೆ ಮುಂದೆ ನಡೆದಳು.

ಶಿವರಾತ್ರಿ ಹತ್ತಿರ ಬಂದಾಗ ಅವರ ಪಕ್ಕದ ಹೊಲದಾಕೆ ಫೋನು ಮಾಡಿದಳು. ಅಕ್ಕ ಸ್ಪೀಕರಿಗೆ ಹಾಕಿಕೊಂಡೇ ಮಾತಾಡುವವಳು, ನನಗೆ ಎಲ್ಲ ಕೇಳಿಸಿತು.

"ಯಕ್ಕಾ, ನಮ್ಮ ಗಿಡ ಮೊಗ್ಗು ಹಿಡದಾವ. ಬಿಡಿಸಾಕ ಮಂದಿ ಸಿಗವಲ್ರು. ನೀ ಬಂದ್ರ ನನಗೊಂದು ಧೈರ್ಯ."

"ನನ್ ತಂಗಿ ಬಿಡವಲ್ಲಳು. ಬಂದಾಗ ನೋಡೂನು" ಎಂದು ಅಕ್ಕ ಫೋನು ಇಟ್ಟಳು.

ನಾನು ಎಲ್ಲಿ ತಡೆದಿದ್ದೆ? ಕೇಳಿಯೇಬಿಟ್ಟೆ. ಅವಳು ಕಿಟಕಿಯ ಕಡೆ ತಿರುಗಿದಳು.

"ಆಳು ಹಚ್ಚಿ ಹೂ ಬಿಡಿಸ್ದಾಕಿ ನಾನು. ಈಗ ಇನ್ನೊಬ್ಬರ ಹೊಲದಾಗ ಉಡಿ ಕಟ್ಟಿಗೊಂಡು ಕೂಲಿಗೆ ನಿಲ್ಲಲೇನು? ಮಂದಿ ನಗಂಗಿಲ್ಲೇನು?" ಆಮೇಲೆ ಸಣ್ಣ ದನಿಯಲ್ಲಿ, "ಯುಗಾದಿ ತನಕ ಇಲ್ಲೇ ಇರ್ಲೇನ್ಲೇ?" ಎಂದಳು.

ಎಷ್ಟೋ ವರ್ಷದಿಂದ ಕಾದಿದ್ದ ಮಾತು. ಇರು ಎಂದರೆ ಆಯಿತು, ಯುಗಾದಿ ಏನು, ಮುಂದಿನ ಯುಗಾದಿಯವರೆಗೂ ಇರುತ್ತಿದ್ದಳು. ಆದರೆ ಕೇಳುತ್ತಿದ್ದವಳು ನನ್ನ ಅಕ್ಕನಂತಿರಲಿಲ್ಲ. ಅವಳು ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ, ಹೇಳಿದವಳು. ನೋಡೋಣ ಎಂದೆ.

ಮರುದಿನ ಬೆಳಗ್ಗೆ ಅವಳಿಗಿಂತ ಮುಂಚೆ ಎದ್ದು ರೊಟ್ಟಿ ಬಡಿದೆ. ನನ್ನ ರೊಟ್ಟಿ ಒಂದೂ ದುಂಡಗಿರುವುದಿಲ್ಲ. ಬುತ್ತಿ ಕಟ್ಟಿ ಅವಳ ಚೀಲದ ಪಕ್ಕ ಇಟ್ಟೆ.

"ಏಳಕ್ಕಾ, ಬಸ್ಸಿಗೆ ಹೊತ್ತಾತು."

ಅವಳು ಬುತ್ತಿ ನೋಡಿದಳು, ನನ್ನನ್ನು ನೋಡಿದಳು. "ಇವತ್ತು ಮಂಗಳಾರ."

"ಗೊತ್ತೈತಿ."

"ಮಂಗಳಾರ ಕಳಸಬಾರದಂತ ಕುಣೀತಿದ್ದಾಕಿ ನೀನಽ."

"ಶಾಸ್ತ್ರ ನಂದು, ನಾನಽ ಮುರೀತೀನಿ. ಗಿಡ ಕಿತ್ತಾರ, ನಿನ್ನ ಕೈ ಕಿತ್ತಿಲ್ಲಲ್ಲ. ನಗೋರು ಬಂದು ನಿನ್ನಷ್ಟು ಮೊಗ್ಗು ಬಿಡಿಸಿ ತೋರಿಸ್ಲಿ, ಆಮ್ಯಾಲೆ ನಗ್ಲಿ."

ಜಗಳಕ್ಕೆ ನಿಂತವಳಂತೆ ಕೂಗಿದ್ದೆ, ಅಳು ಬರಬಾರದೆಂದು. ಅಕ್ಕ ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡಳು. ಬಾಚಣಿಗೆ ತೆಗೆದುಕೊಂಡು, "ಬಾ ಇಲ್ಲಿ, ಜಡಿ ಹಾಕಿ ಹೋಗ್ತೀನಿ. ಕೂದಲು ನೋಡು, ಮೇಕೆ ಮೇಯ್ದಂಗಾಗೈತಿ" ಎಂದು ಬೈದಳು. ಆ ಬೈಗುಳ ಕೇಳಿ ಜೀವಕ್ಕೆ ಸಮಾಧಾನವಾಯಿತು.

ಬಸ್ಸು ಹೊರಟ ಮೇಲೆ ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತು ಅತ್ತೆ. ಮಂಗಳವಾರ ಕಳಿಸಿದರೆ ಲಕ್ಷ್ಮಿ ಹೋಗುತ್ತಾಳೆ ಅನ್ನುತ್ತಾರಲ್ಲ, ಮನೆಗೆ ಬಂದು ನೋಡಿದರೆ ಹಾಗೇ ಅನಿಸಿತು.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ಮಾಡಿದೆ. ಎತ್ತಲು ತಡ ಮಾಡಿದಳು, ಹಿಂದೆ ಹೆಂಗಸರ ಗಲಾಟೆ. ಪಕ್ಕದ ಹೊಲದ ಗಿಡಗಳಿಗೆ ಸೊಕ್ಕು, ಸವರಿದ್ದು ಸರಿಯಿಲ್ಲ, ನಮ್ಮ ಗಿಡದಷ್ಟು ಮೊಗ್ಗಿಲ್ಲ ಎಂದು ಒಂದೇ ಸಮನೆ ದೂರಿದಳು. ಯಾರೂ ನಗಲಿಲ್ಲವೇ ಎಂದು ಕೇಳಲು ನನಗೆ ಸಂದು ಸಿಗಲಿಲ್ಲ.

"ಮತ್ತ ಯಾವಾಗ ಬರ್ತಿ?" ಎಂದೆ.

"ಹುಚ್ಚಿ, ಈಗೆಲ್ಲಿ ಬರಾಕ ಆಕ್ಕೈತಿ? ಹೂವಿನ ಕಾಲ. ಚಳಿಗಾಲಕ್ಕ ಬರ್ತೀನಿ."

ವರ್ಷವರ್ಷವೂ ನನ್ನ ಮೈ ಉರಿಸುತ್ತಿದ್ದ ಮಾತು. ಸರಿಯಾಗಿ ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ, ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡೆ.