ನಾಲ್ಕು ಬೆರಳಿನ ಸಂದು

ಸಣ್ಣಮಾವನ ಬಲಗೈಯ ನಾಲ್ಕು ಬೆರಳು ಯಾವಾಗಲೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. ಟೈರಿನ ಕಪ್ಪು ಉಗುರಿನ ಬುಡಕ್ಕೆ ಇಳಿದು ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ನಾವು ಅನ್ನಕ್ಕೆ ಇಡುವ ನೀರನ್ನು ಬೆರಳಿನಲ್ಲಿ ಅಳೆಯುವಂತೆ ಅವರು ತಮ್ಮ ಕಾರನ್ನು ಅಳೆಯುತ್ತಿದ್ದರು. ಟೇಪು ಕೊಟ್ಟರೆ ನಗುವರು. "ಟೇಪು ಕಳೀತದ ಯವ್ವಾ, ಬೆರಳು ಎಲ್ಲಿ ಹೋಗ್ತಾವ?"

ಅವರು ನನ್ನ ಮಾವನ ತಮ್ಮ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ನಮ್ಮ ಅಕ್ಕಿ ಗಿರಣಿ, ಅದರ ಕಂಪೌಂಡಿನೊಳಗೇ ಮನೆ. ಓದು ತಲೆಗೆ ಹತ್ತಲಿಲ್ಲವೆಂದು ಎಳೆಯ ವಯಸ್ಸಿನಲ್ಲೇ ಅವರನ್ನು ಬಾಯ್ಲರಿನ ಮುಂದೆ ನಿಲ್ಲಿಸಿದರಂತೆ. ಅಲ್ಲೇ ನಿಂತುಬಿಟ್ಟರು. ಅವರ ಮದುವೆ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಮನೆಮಂದಿ ಎಲ್ಲಿಗೆ ಹೊರಟರೂ, "ಸಣ್ಣಾವ ಅದಾನಲ್ಲ, ನೋಡ್ಕೊಂತಾನ" ಎನ್ನುವರು. ನಾನು ಸೊಸೆಯಾಗಿ ಬಂದ ಮೇಲೆ ಆ ಮಾತಿಗೆ ನನ್ನನ್ನೂ ಸೇರಿಸಿದರು. ಹೊಟ್ಟಿನ ಧೂಳು, ಬಾಯ್ಲರಿನ ಕಾವು, ಸದಾ ಮುಚ್ಚಿದ ಆ ಕಬ್ಬಿಣದ ಗೇಟು. ನನಗೆ ಉಸಿರು ಕಟ್ಟುತ್ತಿತ್ತು. ಹೇಳಿಕೊಂಡರೆ, "ಉಣ್ಣಾಕ ಏನ್ ಕಮ್ಮಿ ಆಗ್ಯಾದ?" ಎಂದು ಕೇಳುತ್ತಿದ್ದರು.

ಬೇರೆ ದೇಶದವರು ಮನೆಯಲ್ಲೇ ಕಾರು ಕಟ್ಟುವುದನ್ನು ಸಣ್ಣಮಾವ ಫೋನಿನಲ್ಲಿ ನೋಡಿದ್ದರು. ಹುಚ್ಚು ಹಿಡಿಯಲು ಅಷ್ಟೇ ಸಾಕಾಯಿತು. ಗೋದಾಮಿನ ಹಿಂದೆ ಹಳೆಯ ಜೀಪಿನ ಚಾಸಿ ಬಂತು. ಸ್ಪ್ರಿಂಗ್ ಪಟ್ಟಿಗಳನ್ನು ಕಡಿಮೆ ಮಾಡಿ ಗಾಡಿಯ ಮೂತಿಯನ್ನು ತಗ್ಗಿಸಿದರು. ಮಡ್‌ಗಾರ್ಡ್ ಇಲ್ಲದ ಮುಂದಿನ ಚಕ್ರಗಳ ಪಕ್ಕದಲ್ಲೇ ಸಲಾಕೆ ನಿಲ್ಲಿಸಿ, ಗುಜರಿ ಟ್ರ್ಯಾಕ್ಟರಿನ ದೀಪಗಳನ್ನು ಕೂರಿಸಿದರು. ಅವರ ಆಸೆ ದೊಡ್ಡದೇನಲ್ಲ. "ಮಾನ್ವಿ ದಾರ್ಯಾಗಿನ ಕಲ್ಲೂರಿಗೆ ಹೋಗಿ ಒಂದು ಚಾ ಕುಡದು ಬರಬೇಕು. ಯಾರನ್ನೂ ಕೇಳಬಾರದು."

ಸ್ಟೀರಿಂಗ್ ಹಿಡಿದು ಕೂರುವ ಕೆಲಸ ನನ್ನದು. "ಪೂರಾ ಎಡಕ್ಕ ತಿರುವು ಯವ್ವಾ. ಈಗ ಬಲಕ್ಕ." ಚಕ್ರ ಹೊರಳಿದಾಗ ಟೈರಿಗೂ ದೀಪದ ಸಲಾಕೆಗೂ ನಡುವೆ ಕೈ ತೂರಿಸಿ ನೋಡುವರು. ನಾಲ್ಕು ಬೆರಳು ಹಿಡಿಸಲೇಬೇಕು. ಗುಂಡಿಗೆ ಬಿದ್ದಾಗ ಚಕ್ರ ಮೇಲೇಳುತ್ತದೆ, ಆಗ ಆ ಸಂದೇ ದೀಪವನ್ನು ಕಾಯುವುದು. ಸೀಟಿನ ತುದಿಗೆ ಜರುಗಿ ಕ್ಲಚ್ಚು, ಬ್ರೇಕು ಒತ್ತುವುದು, ಗೇರು ಹಾಕುವುದು, ಗೋದಾಮಿನ ಹಿಂದೆಯೇ ಗಾಡಿಯನ್ನು ಹಿಂದೆ ಮುಂದೆ ಬಿಡುವುದು, ಎಲ್ಲವನ್ನೂ ನನ್ನಿಂದಲೇ ಮಾಡಿಸಿ ಪರೀಕ್ಷೆ ಮಾಡಿದರು.

ದೇವದುರ್ಗದಲ್ಲಿ ಬೀಗರ ಮನೆಯ ಮದುವೆ. ಗಿರಣಿಗೆ ರಜೆ, ಎಂದಿನಂತೆ ಉಳಿದವರು ನಾವಿಬ್ಬರೇ. "ಬರ್ತೀಯೇನವ್ವಾ?" ಎಂದರು. ಸೆರಗು ಬಿಗಿದು ಪಕ್ಕದಲ್ಲಿ ಹತ್ತಿ ಕೂತೆ. ತಮ್ಮ ಉದ್ದನೆಯ ಕಾಲು ಚಾಚಿ ಅವರು ಗಾಡಿ ಬಿಟ್ಟರು. ಗೇಟಿನ ಉಬ್ಬು ಹತ್ತಿ ಇಳಿದು ರಸ್ತೆಗೆ ಹೊರಳುವಷ್ಟರಲ್ಲಿ ನನ್ನ ಕಡೆ ಖಡಲ್ ಎಂದಿತು. ಎಡಚಕ್ರ ಎದ್ದು ಸಲಾಕೆಗೆ ಬಡಿದು ದೀಪದ ಗಾಜು ಚೂರಾಗಿತ್ತು. ಸಣ್ಣಮಾವ ಇಳಿಯಲಿಲ್ಲ, ಬಯ್ಯಲೂ ಇಲ್ಲ. ಸ್ಟೀರಿಂಗ್ ಹಿಡಿದೇ, "ನಾ ಒಬ್ಬನ ತೂಕಕ್ಕ ಕೂಡಿಸಿದ್ದೆ ಯವ್ವಾ," ಎಂದರು. "ಬಾಜೂಕ ಯಾರರ ಕುಂದ್ರತಾರಂತ ತಲಿಗೇ ಬರಲಿಲ್ಲ." ನನಗೆ ಅಳು ಬಂತು.

ಸಂಜೆ ಮದುವೆಯಿಂದ ಮರಳಿದ ಮನೆಯ ದೊಡ್ಡವರು ಗಾಜಿನ ಚೂರು ಕಂಡು ಬಿದ್ದು ಬಿದ್ದು ನಕ್ಕರು. "ಗೇಟೂ ದಾಟಲಿಲ್ಲಲ್ಲೋ ನಿನ್ನ ಸವಾರಿ!"

ಮರುದಿನ ಸಣ್ಣಮಾವ ಭತ್ತ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದರು. ಮೂಟೆ ಹೊರುವ ಹಮಾಲರ ಎದುರಿಗೆ ನಾಚಿಕೆಯಿಂದ, "ಜೋರಾಗಿ ಹೇಳಬ್ಯಾಡ್ರಿ" ಎಂದೆ. "ಅಕ್ಕಿ ಚೀಲಕ್ಕಿಂತ ಹಗರ ಅದೀ, ಸುಮ್ನಿರು" ಎಂದರು. ಆಮೇಲೆ ತಾವೂ ನಿಂತರು. ನಮ್ಮಿಬ್ಬರ ತೂಕದ ಎರಡು ಚೀಲಗಳನ್ನು ಎರಡು ಸೀಟಿಗೆ ಕಟ್ಟಿ, ಸಲಾಕೆ ಕತ್ತರಿಸಿ, ದೀಪಗಳನ್ನು ಮುಂದಕ್ಕೂ ಮೇಲಕ್ಕೂ ಸರಿಸಿ ಬೆಸುಗೆ ಹಾಕಿದರು. ಈ ಸಲ ಸ್ಟೀರಿಂಗ್ ಹಿಡಿಯಲು ನನ್ನನ್ನು ಕರೆಯಲಿಲ್ಲ. ಇನ್ನೇನು ಹೊರಡಬೇಕು ಅನ್ನುವಾಗ, ಒಂದು ಬೆಳಿಗ್ಗೆ ಬಾಯ್ಲರಿನ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ದಿನಕರ್ಮ ಮುಗಿದ ಮೇಲೆ ಗಾಡಿಯನ್ನು ಗುಜರಿಗೆ ಹಾಕುವ ಮಾತು ಬಂತು. ಕೊನೆಯದಾಗಿ ಒಮ್ಮೆ ಕೂತು ನೋಡೋಣವೆಂದು ಸ್ಟೀರಿಂಗಿನ ಹಿಂದಿನ ಚೀಲ ಇಳಿಸಿದೆ. ಇಳಿಸುವುದು ಸುಲಭವಾಯಿತು. ಅದು ಹಗುರಾದ ಚೀಲ, ನನ್ನದು. ಭಾರದ್ದು, ಅವರದು, ಎಡಸೀಟಿನಲ್ಲಿತ್ತು. ಕೂತರೆ ಕಾಲು ಸಲೀಸಾಗಿ ಪೆಡಲಿಗೆ ಮುಟ್ಟಿತು. ಸೀಟು ಅಷ್ಟು ಮುಂದೆ ಬಂದಿತ್ತು. ಅವರ ಆ ಉದ್ದನೆಯ ಕಾಲನ್ನು ಅಲ್ಲಿ ಮಡಚಲೂ ಸಾಧ್ಯವಿರಲಿಲ್ಲ.

ನಾನು ಯಾರನ್ನೂ ಕೇಳಲಿಲ್ಲ. ಗೇಟು ತೆರೆದು ಬಂದು, ಕೀಲಿ ತಿರುವಿ ಅತ್ತ ಬಿಟ್ಟೆ. "ಯಾರದು ಲೇ ಗಾಡಿ ಹೊಡಿಯಾಕತ್ತಿದ್ದು?" ಎಂದು ದೊಡ್ಡವರು ಕೂಗಿದ್ದು ಕೇಳಿಸಿತು. ಉಬ್ಬು ಹತ್ತಿ ಇಳಿದು, ಸ್ಟೀರಿಂಗನ್ನು ಪೂರಾ ಎಡಕ್ಕೆ ತಿರುವಿದೆ. ಯಾವ ಸದ್ದೂ ಆಗಲಿಲ್ಲ.

ಈಗಲೂ ಕಲ್ಲೂರಿಗೆ ಹೋಗಿ ಚಾ ಕುಡಿದು, ರೊಟ್ಟಿ ಬಡಿಯುವ ಹೊತ್ತಿಗೆ ತಿರುಗಿ ಬರುತ್ತೇನೆ. ಅದಕ್ಕಿಂತ ದೂರ ಇನ್ನೂ ಹೋಗಿಲ್ಲ. ಎಡಸೀಟಿನ ಚೀಲವನ್ನು ಮಾತ್ರ ಇಳಿಸಿಲ್ಲ.